ಗಾಳಿಚೆಂಡಿನ ಮೇಲೆ ಎದ್ದು ನಿಲ್ಲಬೇಡಿ

ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳೇ, ಗಾಳಿ ತುಂಬಿದ ಆ ದೊಡ್ಡ ಜಿಮ್ ಬಾಲ್ ಖಂಡಿತ ಬಳಸಿ, ಆದರೆ ಅದರ ಮೇಲೆ ಎದ್ದು ನಿಲ್ಲುವ, ಭಾರದ ಡಂಬೆಲ್ ಹಿಡಿದು ಮಲಗುವ ಸಾಹಸ ಬೇಡ. 1963ರಲ್ಲಿ ಇಟಲಿಯಲ್ಲಿ ತಯಾರಾಗಿ, ಸ್ವಿಟ್ಜರ್ಲೆಂಡಿನ ಫಿಸಿಯೋಥೆರಪಿಸ್ಟರ ಕೈಯಲ್ಲಿ ಹೆಸರಾದ ಈ ಚೆಂಡು ಬಂದದ್ದು ಭಾರ ಎತ್ತಲಿಕ್ಕಲ್ಲ. ಕಾಲಡಿಯ ಆಸರೆಯೇ ಅಲುಗುತ್ತಿದ್ದರೆ ಸ್ನಾಯುಗಳ ಶಕ್ತಿಯೆಲ್ಲ ಬೀಳದಂತೆ ತಡೆಯುವುದರಲ್ಲೇ ಕರಗುತ್ತದೆ. 3.05 ಮೀಟರ್ ಎತ್ತರದ ರಿಂಗಿನತ್ತ ಜಿಗಿಯುವ ಬಲ ಬೆಳೆಯುವುದು ಗಟ್ಟಿ ನೆಲದ ಮೇಲಿನ ಸ್ಕ್ವಾಟ್‌ನಲ್ಲಿ.

“ಮತ್ತೆ ಬ್ಯಾಲೆನ್ಸ್ ಬರುವುದು ಹೇಗೆ?” ಎಂದು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಅಂಕಣದಲ್ಲಿ ನೆಲ ಅಲುಗುವುದಿಲ್ಲ, ಅಲುಗುವವರು ನೀವು. ರೀಬೌಂಡಿಗೆ ಹಾರಿ, ಎದುರಾಳಿಯ ಭುಜ ತಾಗಿ, ಒಂಟಿ ಕಾಲಲ್ಲಿ ಇಳಿಯುತ್ತೀರಿ. ಪಾದ ಉಳುಕುವುದು ಹೆಚ್ಚಾಗಿ ಆಗಲೇ. ಹಾಗಾಗಿ ಒಂಟಿ ಕಾಲಲ್ಲಿ ನಿಂತು ಪಾಸ್ ಹಿಡಿಯಿರಿ, ಜಿಗಿದು ಮೊಣಕಾಲು ಒಳಕ್ಕೆ ವಾಲದಂತೆ ಇಳಿಯಿರಿ. ಜಿಮ್ ಬಾಲನ್ನು ಹೊಟ್ಟೆ, ಸೊಂಟ, ತೊಡೆಯ ಹಿಂಭಾಗಕ್ಕೆ ಮೀಸಲಿಡಿ. ಮುಂಗೈ ಅದರ ಮೇಲೂರಿ ಪ್ಲ್ಯಾಂಕ್ ಮಾಡಿ, ಇಲ್ಲವೇ ನೆಲದ ಮೇಲೆ ಅಂಗಾತ ಮಲಗಿ, ಹಿಮ್ಮಡಿ ಚೆಂಡಿನ ಮೇಲಿಟ್ಟು, ಸೊಂಟ ಎತ್ತಿ ಹಿಮ್ಮಡಿಯಿಂದ ಚೆಂಡನ್ನು ಎಳೆದುಕೊಳ್ಳಿ. ಸೊಂಟ ಕುಸಿದರೆ ಅಲ್ಲಿಗೇ ನಿಲ್ಲಿಸಿ, ಎಣಿಕೆ ಪೂರೈಸುವ ಹಟ ಬೇಡ. ಚೆಂಡಿನ ಮೇಲೆ ಕೂತಾಗ ತೊಡೆ ನೆಲಕ್ಕೆ ಸಮಾನಾಂತರವಾಗಿದ್ದರೆ ಅದರ ಅಳತೆ ಸರಿ. ಒದ್ದೆ ಟೈಲ್ಸ್ ಮೇಲಂತೂ ಅದನ್ನು ಇಡಲೇಬೇಡಿ.