ದಾದಿಯ ಪ್ರಶ್ನೆ: ಕಾಣದ ಗಾಯವನ್ನು ಅಳೆಯುವ ಬಗೆ

ಜ್ವರವನ್ನು ಉಷ್ಣಮಾಪಕದಿಂದ ಅಳೆಯುತ್ತೇವೆ. ರಕ್ತದ ಒತ್ತಡವನ್ನು ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತೇವೆ. ಆದರೆ ಮನೆಯೊಳಗೆ ಪೆಟ್ಟು ತಿಂದು, ಅದನ್ನು ಯಾರಿಗೂ ಹೇಳದೆ ಬಾಳುತ್ತಿರುವ ಹೆಣ್ಣುಮಗಳ ನೋವನ್ನು ಅಳೆಯುವುದು ಹೇಗೆ? ಆ ಪೆಟ್ಟನ್ನು ಕಣ್ಣಾರೆ ಕಂಡು ಬೆಳೆಯುವ ಮಗುವಿನ ಭಯಕ್ಕೆ ಯಾವ ಮಾಪಕವುಂಟು? ಇದಕ್ಕೆ ಗಾಜಿನ ಕೊಳವೆಯಾಗಲಿ ಪಾದರಸವಾಗಲಿ ಒದಗುವುದಿಲ್ಲ. ಇಲ್ಲಿ ಉಪಕರಣವೆಂದರೆ ಒಂದು ಪ್ರಶ್ನೆ; ಅದನ್ನು ಬಳಸುವವಳು ಅನೇಕ ವೇಳೆ ದಾದಿ. ಪ್ರಶ್ನೆಯನ್ನು ಯಾರು, ಎಲ್ಲಿ, ಹೇಗೆ ಕೇಳಿದರೆಂಬುದನ್ನು ಅನುಸರಿಸಿ ಉತ್ತರವೇ ಬೇರೆಯಾಗುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ಬಳ್ಳಾರಿಯಲ್ಲಿ ನಡೆದ ಪ್ರಯೋಗ

ಹೂವಿನಹಡಗಲಿ ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ೨೦೨೧ರಲ್ಲಿ ಆ ಜಿಲ್ಲೆ ರೂಪುಗೊಳ್ಳುವವರೆಗೆ ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಈ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಪರಿಚಿತವಾದುದು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡುವ ಉದ್ದೇಶದಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ರಾಜ್ಯದ ಆರೋಗ್ಯ ಇಲಾಖೆಯ ಸಹಕಾರದೊಡನೆ ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿಯಲ್ಲಿ ಕೆಲಸ ಮಾಡಿದರು.

ಅವರ ತತ್ತ್ವ ಸರಳವಾದುದು. ದೊಡ್ಡ ಆಸ್ಪತ್ರೆಯೊಂದನ್ನು ಕಟ್ಟಿ ರೋಗಿಗಳನ್ನು ಅಲ್ಲಿಗೆ ಕರೆಯುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡುವುದು. ಔಷಧವನ್ನು ಹತ್ತಿರದಲ್ಲೇ ಒದಗಿಸುವುದು. ದಾಖಲೆಯನ್ನು ಕ್ರಮವಾಗಿ ಇಡುವುದು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿಯಾಯಿತು. ಮನೆಬಾಗಿಲಿಗೆ ಬರುವ ಕಾರ್ಯಕರ್ತೆ ಕೂಡ ಮನಸ್ಸಿನ ರೋಗವನ್ನು ಗುರುತಿಸಬಲ್ಲಳು ಎಂಬುದು ಬಳ್ಳಾರಿ ಕಲಿಸಿದ ಪಾಠ.

ಆದರೆ ರೋಗವನ್ನು ಗುರುತಿಸುವುದು ಒಂದು; ಆ ರೋಗದ ಹಿಂದೆ ಹಿಂಸೆಯಿದೆಯೇ ಎಂದು ತಿಳಿಯುವುದು ಮತ್ತೊಂದು. ಈ ಎರಡನೆಯ ಕೆಲಸದಲ್ಲಿ ಶುಶ್ರೂಷಾ ವಿಜ್ಞಾನದ ಸಂಶೋಧಕರು ಕಂಡುಕೊಂಡ ಸಂಗತಿಗಳು ಗಮನಾರ್ಹವಾಗಿವೆ.

ಕಾಗದಕ್ಕೆ ಒಂದು ಉತ್ತರ, ದಾದಿಗೆ ಇನ್ನೊಂದು

ಅಮೆರಿಕದ ಶುಶ್ರೂಷಾ ಸಂಶೋಧಕಿ ಜೂಡಿತ್ ಮೆಕ್‌ಫಾರ್ಲೇನ್ ಮತ್ತು ಅವರ ಸಂಗಡಿಗರು ೧೯೯೧ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನೋಡೋಣ. ಕುಟುಂಬ ಯೋಜನಾ ಚಿಕಿತ್ಸಾಲಯಗಳಿಗೆ ಬಂದ ಸ್ತ್ರೀಯರಿಗೆ ಹಿಂಸೆಯ ಬಗ್ಗೆ ಅಚ್ಚಿನ ನಮೂನೆಯಲ್ಲಿ ಪ್ರಶ್ನೆ ಹಾಕಿದಾಗ ಹೌದೆಂದು ಬರೆದವರು ನೂರಕ್ಕೆ ಸುಮಾರು ೮ ಮಂದಿ. ಅದನ್ನೇ ದಾದಿಯು ಎದುರು ಕುಳಿತು ಕೇಳಿದಾಗ ಹೌದೆಂದವರು ನೂರಕ್ಕೆ ಸುಮಾರು ೨೯ ಮಂದಿ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೬೯೧ ಗರ್ಭಿಣಿಯರನ್ನು ದಾದಿಯರು ವಿಚಾರಿಸಿದರು; ಗರ್ಭಿಣಿಯಾಗಿರುವಾಗಲೇ ಪೆಟ್ಟು ತಿಂದವರು ಆರರಲ್ಲಿ ಒಬ್ಬರೆಂದು ತಿಳಿದುಬಂತು. ಹಾಗೆ ಪೆಟ್ಟು ತಿಂದವರು ಉಳಿದವರಿಗಿಂತ ತಡವಾಗಿ ಆಸ್ಪತ್ರೆಗೆ ಬಂದಿದ್ದರೆಂಬುದೂ ಕಂಡುಬಂತು.

ಈ ವ್ಯತ್ಯಾಸಕ್ಕೆ ಕಾರಣವೇನು? ಕಾಗದವು ಕೇಳಿಸಿಕೊಳ್ಳುವುದಿಲ್ಲ, ಬರೆದುದನ್ನು ಯಾರು ಓದುವರೋ ಎಂಬ ಅಂಜಿಕೆಯೂ ಇರುತ್ತದೆ. ಪ್ರಶ್ನೆಯ ಮಾತೂ ಮುಖ್ಯವಾದುದು. ಹಡಗಲಿಯ ಕಡೆಯ ಬಾಣಂತಿಯೊಬ್ಬಳನ್ನು ‘ನಿಮ್ಮ ಮೇಲೆ ಕೌಟುಂಬಿಕ ದೌರ್ಜನ್ಯ ನಡೆದಿದೆಯೇ?’ ಎಂದು ಕೇಳಿದರೆ ಆಕೆ ಇಲ್ಲವೆಂದು ತಲೆಯಾಡಿಸುವುದು ಸಹಜ. ಗಂಡ ಹೊಡೆಯುವುದು ಸಂಸಾರದಲ್ಲಿ ಇದ್ದದ್ದೇ ಎಂದು ನಂಬಿದವಳಿಗೆ ಆ ದೊಡ್ಡ ಮಾತು ತನ್ನ ಬಾಳಿಗೆ ಸಂಬಂಧಿಸಿದ್ದೆಂದು ತೋರುವುದಿಲ್ಲ. ‘ತಂಗೀ, ಮನಿಯಾಗ ಯಾರಾದ್ರೂ ಕಪಾಳಕ್ಕ ಹೊಡದಾರೇನು? ಕೂದಲ ಹಿಡದು ಎಳದಾರೇನು?’ ಎಂದು ನರ್ಸಮ್ಮ ಮೆಲ್ಲಗೆ ಕೇಳಿದರೆ ಕಣ್ಣಂಚಿನಲ್ಲಿ ನೀರು ತುಂಬಬಹುದು. ಆದುದರಿಂದಲೇ ಒಳ್ಳೆಯ ಪ್ರಶ್ನಾವಳಿಗಳಲ್ಲಿ ಹಿಂಸೆ ಎಂಬ ಹೆಸರಿಗಿಂತ ತಳ್ಳುವುದು, ತೋಳು ತಿರುಚುವುದು, ಒದೆಯುವುದು, ಸುಡುವುದು ಎಂಬ ಬಿಡಿಬಿಡಿ ಕೃತ್ಯಗಳನ್ನು ಕೇಳುತ್ತಾರೆ.

ಅಂಕಿಗಳನ್ನು ಓದುವ ಎಚ್ಚರ

ಈಗ ನಮ್ಮ ರಾಜ್ಯದ ಅಂಕಿಗಳಿಗೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು (೨೦೧೫–೧೬) ನಡೆದಾಗ, ಕರ್ನಾಟಕದಲ್ಲಿ ೧೮ರಿಂದ ೪೯ ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದುದಾಗಿ ಹೇಳಿದವರು ನೂರಕ್ಕೆ ೨೦.೬. ಐದನೆಯ ಸುತ್ತಿನಲ್ಲಿ (೨೦೧೯–೨೧) ಇದು ೪೪.೪ಕ್ಕೆ ಏರಿತು. ಲಾಕ್‌ಡೌನಿನ ಕಾಲದಲ್ಲಿ ಹಿಂಸೆ ಹೆಚ್ಚಿದುದೇ ಕಾರಣವೆಂದು ಊಹಿಸಲು ಮನಸ್ಸಾಗುತ್ತದೆ. ಆದರೆ ಕರ್ನಾಟಕದ ಮನೆಗಳಲ್ಲಿ ಮಾಹಿತಿ ಸಂಗ್ರಹಿಸಿದ್ದು ೨೦೧೯ರಲ್ಲಿ. ಆಗ ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ.

ಹಾಗಾದರೆ ಕೆಲವೇ ವರ್ಷಗಳಲ್ಲಿ ಹಿಂಸೆ ಇಮ್ಮಡಿಯಾಯಿತೇ? ಅಥವಾ ಮೊದಲು ಬಾಯಿ ಬಿಡದಿದ್ದವರು ಈಗ ಹೇಳತೊಡಗಿದರೇ? ಪ್ರಶ್ನೆ ಕೇಳಿದವರ ಕೌಶಲವೂ ಏಕಾಂತದ ವ್ಯವಸ್ಥೆಯೂ ಬದಲಾಗಿದ್ದವೇ? ಎರಡು ಅಂಕಿಗಳನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ಇದನ್ನು ತೀರ್ಮಾನಿಸಲಾಗದು. ಒಂದನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು: ಮೌನವನ್ನು ಎಣಿಕೆಯಲ್ಲಿ ‘ಇಲ್ಲ’ ಎಂದು ಬರೆದರೂ, ಅದು ನಿಜವಾದ ‘ಇಲ್ಲ’ ಆಗಿರಬೇಕೆಂದಿಲ್ಲ.

ಮನಸ್ಸಿನ ಮೇಲಾಗುವ ಪರಿಣಾಮ

ಮನಸ್ಸಿನ ಸಂಕಟವನ್ನು ಅರಿಯಲು ವಿಶ್ವ ಆರೋಗ್ಯ ಸಂಸ್ಥೆಯವರು ಸಿದ್ಧಪಡಿಸಿದ ೨೦ ಪ್ರಶ್ನೆಗಳ ಪಟ್ಟಿಯೊಂದಿದೆ. ಪದೇ ಪದೇ ತಲೆನೋವು ಬರುತ್ತದೆಯೇ, ಹಸಿವು ಕುಂದಿದೆಯೇ, ನಿದ್ರೆ ಕೆಟ್ಟಿದೆಯೇ, ಕೈ ನಡುಗುತ್ತದೆಯೇ, ಬದುಕು ಸಾಕೆನಿಸುತ್ತದೆಯೇ ಎಂಬುವು ಅದರಲ್ಲಿ ಬರುತ್ತವೆ. ತಲೆನೋವಿನ ಗುಳಿಗೆಗಾಗಿ ಮತ್ತೆ ಮತ್ತೆ ಬರುವ ಸ್ತ್ರೀಯ ನಿಜವಾದ ನೋವು ಬೇರೆಡೆ ಇರಬಹುದೆಂಬ ಸೂಚನೆ ಇಂತಹ ಪಟ್ಟಿಯಿಂದ ದೊರಕುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಿಂಸೆಯೂ ಖಿನ್ನತೆಯೂ ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಅದೇ ಜನರನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನಗಳಿಂದ ಸಂಬಂಧವು ಎರಡು ದಿಕ್ಕಿನಲ್ಲೂ ಇದೆಯೆಂದು ತಿಳಿದುಬಂದಿದೆ: ಹಿಂಸೆಗೊಳಗಾದವರಲ್ಲಿ ಖಿನ್ನತೆ ಹೆಚ್ಚು, ಖಿನ್ನರಾದವರು ಮುಂದೆ ಹಿಂಸೆಗೆ ಗುರಿಯಾಗುವ ಸಂಭವವೂ ಹೆಚ್ಚು.

ಮಕ್ಕಳ ವಿಷಯದಲ್ಲಿ ೧೯೯೮ರ ಅಮೆರಿಕದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ೯,೫೦೦ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಲಾಯಿತು. ಪೆಟ್ಟು, ಬೈಗುಳ, ಲೈಂಗಿಕ ಪೀಡನೆ, ತಾಯಿಗೆ ಹೊಡೆಯುವುದನ್ನು ಕಾಣುವುದು ಮೊದಲಾದ ಏಳು ಬಗೆಯ ಕಷ್ಟಗಳಲ್ಲಿ ನಾಲ್ಕನ್ನೋ ಅದಕ್ಕಿಂತ ಹೆಚ್ಚನ್ನೋ ಕಂಡವರಿಗೆ, ಒಂದನ್ನೂ ಕಾಣದವರಿಗಿಂತ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ ೪ರಿಂದ ೧೨ ಪಟ್ಟು ಅಧಿಕವಾಗಿತ್ತು. ಮಗುವಿನ ಮೈಮೇಲೆ ಕೈ ಬೀಳದಿದ್ದರೂ ತಾಯಿಯ ಮೇಲೆ ಬಿದ್ದ ಪೆಟ್ಟು ಮಗುವನ್ನೂ ತಟ್ಟುತ್ತದೆ. ಆದರೂ ಇದು ಹಣೆಬರಹವಲ್ಲ. ಅಪಾಯ ಹೆಚ್ಚೆಂದರೆ ಎಲ್ಲರಿಗೂ ಹಾಗೆಯೇ ಆಗುವುದೆಂದು ಅರ್ಥವಲ್ಲ.

ಕೇಳುವವರ ಕರ್ತವ್ಯ

ಕೇಳುವುದರಿಂದಲೇ ಅಪಾಯ ಒದಗಬಾರದಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೦೧ರಲ್ಲಿ ಸಂಶೋಧಕರಿಗೆ ಕೊಟ್ಟ ಸೂಚನೆಗಳಲ್ಲಿ ಸ್ತ್ರೀಯ ಸುರಕ್ಷತೆಗೇ ಅಗ್ರಸ್ಥಾನ. ಪ್ರಶ್ನೆ ಕೇಳುವಾಗ ಏಕಾಂತವಿರಬೇಕು. ಮಾತು ತಿಳಿಯುವ ವಯಸ್ಸಿನ ಮಕ್ಕಳೂ ಹತ್ತಿರವಿರಬಾರದು. ನಡುವೆ ಅತ್ತೆಯೋ ಗಂಡನೋ ಬಂದರೆ ತಾಯಿ ಕಾರ್ಡಿನ ವಿಷಯಕ್ಕೋ ಲಸಿಕೆಯ ವಿಷಯಕ್ಕೋ ಮಾತನ್ನು ಹೊರಳಿಸಬೇಕು. ಉತ್ತರ ಕೊಡದಿರುವ ಸ್ವಾತಂತ್ರ್ಯ ಆಕೆಗೆ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿ ಕೈಬಿಡಬಾರದು. ನೆರವಿನ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ನಮ್ಮಲ್ಲಿ ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯ ಪ್ರಕಾರ ಸಂರಕ್ಷಣಾಧಿಕಾರಿಯ ಸಹಾಯ ಪಡೆಯಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ೨೦೧೨ರ ಪೋಕ್ಸೊ ಕಾಯಿದೆಯಂತೆ ತಿಳಿದವರು ವರದಿ ಮಾಡಲೇಬೇಕು. ಆದ್ದರಿಂದ ದಾದಿಯು ಮಗುವಿಗೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಲಾಗದು. ‘ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಎನ್ನುವುದೇ ಪ್ರಾಮಾಣಿಕವಾದ ಮಾತು.

ಹೀಗೆ ನೋಡಿದರೆ, ಈ ವಿಜ್ಞಾನದಲ್ಲಿ ಕರುಣೆಯೂ ನಿಖರತೆಯೂ ಬೇರೆಬೇರೆಯಲ್ಲ. ಏಕಾಂತವಿಲ್ಲದೆಡೆ, ನಂಬಿಕೆಯಿಲ್ಲದೆಡೆ, ಬಂದ ಅಂಕಿಯೇ ಸುಳ್ಳಾಗುತ್ತದೆ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿನಿಯರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಕೆಲವರು ನಾಳೆ ದಾದಿಯರಾಗಬಹುದು, ಸಮೀಕ್ಷೆಗಾಗಿ ಬಾಗಿಲು ತಟ್ಟಬಹುದು. ಇನ್ನು ಕೆಲವರಿಗೆ ಇಲ್ಲಿ ಬರೆದುದು ತಮ್ಮ ಮನೆಯ ಸಂಗತಿಯೇ ಆಗಿರಬಹುದು. ಅಂಥವರು ತಪ್ಪು ತಮ್ಮದಲ್ಲವೆಂದು ತಿಳಿಯಬೇಕು. ನಂಬಿಕೆಯ ಉಪಾಧ್ಯಾಯರಿಗೋ ದಾದಿಗೋ ಹೇಳಬಹುದು; ಮಕ್ಕಳ ಸಹಾಯವಾಣಿ ೧೦೯೮, ಮಹಿಳೆಯರ ಸಹಾಯವಾಣಿ ೧೮೧, ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ ೧೪೪೧೬ ಇವೆ. ಗಾಯವು ವಾಸಿಯಾಗುವುದಕ್ಕೆ ಮೊದಲು ಅದನ್ನು ಯಾರಾದರೂ ಕಾಣಬೇಕು. ಕಾಣುವುದಕ್ಕೆ ಮೊದಲು ಯಾರಾದರೂ ಸರಿಯಾಗಿ ಕೇಳಬೇಕು.