ಸೋಗಾನೆಯಿಂದ ಸಂಸತ್ತಿಗೆ: ಒಂದು ದಿನದ ಕಲಾಪ ನೋಡಲು ಹೊರಡುವವರಿಗೆ

ಶಿವಮೊಗ್ಗ, ಭದ್ರಾವತಿ ಕಡೆಯಿಂದ ದಿಲ್ಲಿ ನೋಡಲು ಹೋಗುವವರು ಬಹಳ. ಆಗ್ರಾ, ಹರಿದ್ವಾರ ಮುಗಿಸಿ, ಇಂಡಿಯಾ ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಊರಿಗೆ ಮರಳುತ್ತಾರೆ. ಅದೇ ಕರ್ತವ್ಯ ಪಥದ ಇನ್ನೊಂದು ತುದಿಗೆ ಹತ್ತಿರದಲ್ಲೇ ಸಂಸತ್ ಭವನವಿದೆ. ಅಧಿವೇಶನದ ದಿನವಾದರೆ ಒಳಗೆ ಹೋಗಿ, ಗ್ಯಾಲರಿಯಲ್ಲಿ ಕೂತು ಕಲಾಪ ನೋಡಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬುದು ಎಷ್ಟೋ ಜನಕ್ಕೆ ತಿಳಿದಿಲ್ಲ. ಅಂಥ ಒಂದು ದಿನಕ್ಕೆ ಹೇಗೆ ಸಿದ್ಧರಾಗಬೇಕೆಂದು ಹೇಳುವುದಕ್ಕಾಗಿ ಈ ಬರಹ.

ಟಿಕೆಟ್ ತೆಗೆಯುವ ಮೊದಲು ಅಧಿವೇಶನದ ದಿನಾಂಕ ನೋಡಿ. ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ. ಬಜೆಟ್ ಅಧಿವೇಶನ ಜನವರಿ ಕೊನೆಗೆ ಶುರುವಾಗಿ, ನಡುವೆ ಬಿಡುವು ಕೊಟ್ಟು, ಏಪ್ರಿಲ್‌ವರೆಗೆ ನಡೆಯುತ್ತದೆ. ಮುಂಗಾರು ಅಧಿವೇಶನ ಜುಲೈ–ಆಗಸ್ಟ್‌ನಲ್ಲಿ, ಚಳಿಗಾಲದ್ದು ನವೆಂಬರ್–ಡಿಸೆಂಬರ್‌ನಲ್ಲಿ. ಸದನ ಸೇರುವುದು ಸೋಮವಾರದಿಂದ ಶುಕ್ರವಾರ. ನಮ್ಮ ಕಡೆಯ ಬೇಸಾಯಗಾರರಿಗೆ ಇದರಲ್ಲಿ ಎರಡು ತೊಡಕಿವೆ: ಮುಂಗಾರಿನಲ್ಲಿ ನಾಟಿ, ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ, ಚಳಿಗಾಲದಲ್ಲಿ ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು. ಹಾಗಾಗಿ ಬಜೆಟ್ ಅಧಿವೇಶನದ ಎರಡನೇ ಭಾಗ, ಅಂದರೆ ಮಾರ್ಚ್ ತಿಂಗಳು, ನಮಗೆ ಎಲ್ಲಕ್ಕಿಂತ ಅನುಕೂಲ. ಆಗ ದಿಲ್ಲಿಯ ಹವೆಯೂ ಹಿತವಾಗಿರುತ್ತದೆ. ಇಲಾಖೆಗಳ ಅನುದಾನ ಬೇಡಿಕೆಗಳ ಮೇಲೆ ಚರ್ಚೆಯಾಗುವುದೂ ಆಗಲೇ. ಮಕ್ಕಳ ಪರೀಕ್ಷೆ ಇರುವ ಮನೆಯವರು ಮಾತ್ರ ಬೇರೆ ದಾರಿ ನೋಡಬೇಕು.

ಅಧಿವೇಶನ ಗೊತ್ತಾದ ಮೇಲೆ ವಾರದ ದಿನ ಆರಿಸಿಕೊಳ್ಳಿ. ಹೆಚ್ಚಿನವರು ಗಮನಿಸದ ಸಂಗತಿ ಇದು. ಪ್ರಶ್ನೋತ್ತರ ವೇಳೆಗೆ ಕೇಂದ್ರದ ಸಚಿವಾಲಯಗಳನ್ನೆಲ್ಲ ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ವಾರದ ಒಂದೊಂದು ದಿನ ಹಂಚಿರುತ್ತಾರೆ. ರೈಲ್ವೆಗೆ ಒಂದು ದಿನ, ಉಕ್ಕಿಗೆ ಇನ್ನೊಂದು, ಪರಿಸರ ಮತ್ತು ಅರಣ್ಯಕ್ಕೆ ಮತ್ತೊಂದು. ಅಧಿವೇಶನಕ್ಕೆ ಮುಂಚೆಯೇ ಈ ಹಂಚಿಕೆ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಮನಸ್ಸಿನಲ್ಲಿರುವ ವಿಷಯ ಯಾವ ಸಚಿವಾಲಯದ್ದೋ ಆ ದಿನಕ್ಕೆ ಹೋಗಿ. ಗದ್ದಲವಾಗುತ್ತದೆಂದು ಟಿವಿಯವರು ಹೇಳಿದ ದಿನವನ್ನು ಹುಡುಕಿಕೊಂಡು ಹೋಗಬೇಡಿ. ಸದನ ಹತ್ತು ನಿಮಿಷದಲ್ಲಿ ಮುಂದೂಡಿದರೆ ಮರಳಿ ಊರಿನ ದಾರಿ ಹಿಡಿಯಬೇಕಾಗುತ್ತದೆ.

ನಮ್ಮೂರಿನ ಯಾವ ವಿಷಯ ಎಲ್ಲಿಗೆ ಸೇರುತ್ತದೆ ಎಂಬುದನ್ನು ಹೊರಡುವ ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಭದ್ರಾವತಿಯ ಎರಡು ಕಾರ್ಖಾನೆಗಳನ್ನೇ ನೋಡಿ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ವಿಶ್ವೇಶ್ವರಯ್ಯನವರ ಕಾರ್ಖಾನೆ (ವಿಐಎಸ್‌ಎಲ್) 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಹಾಗಾಗಿ ವಿಐಎಸ್‌ಎಲ್ ಪ್ರಶ್ನೆ ದಿಲ್ಲಿಯದು, ಉಕ್ಕು ಸಚಿವಾಲಯದ್ದು. 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಬಂದಾಗ ಕಾರ್ಮಿಕರ ಕಣ್ಣು ನೆಟ್ಟಿದ್ದು ಅಲ್ಲಿಗೇ. ಅದೇ ಊರಿನ ಮೈಸೂರು ಕಾಗದ ಕಾರ್ಖಾನೆ ರಾಜ್ಯ ಸರಕಾರದ ಉದ್ಯಮ. ಅದರ ಮಾತು ವಿಧಾನಸೌಧಕ್ಕೆ ಹೋಗಬೇಕು. ಶಿವಮೊಗ್ಗದ ಹತ್ತಿರದ ಸೋಗಾನೆಯದೂ ಹೀಗೇ. ಅಲ್ಲಿನ ಕೇಂದ್ರ ಕಾರಾಗೃಹ ರಾಜ್ಯದ ವಿಷಯ. ವಿಮಾನ ನಿಲ್ದಾಣವನ್ನು ಕಟ್ಟಿಸಿದ್ದು ರಾಜ್ಯ, ಅದಕ್ಕೆ ಜಮೀನು ಹೋದವರ ನಿವೇಶನದ ಬೇಡಿಕೆ ರಾಜ್ಯದ ಮುಂದೆ ಇಡಬೇಕಾದದ್ದು. ಆದರೆ ವಿಮಾನ ಹಾರಾಟದ ಪರವಾನಗಿ, ರಾತ್ರಿ ಇಳಿಯುವ ವ್ಯವಸ್ಥೆಗೆ ಒಪ್ಪಿಗೆ ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆಯ ಕೈಯಲ್ಲಿದೆ. ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿ ಹಕ್ಕಿನ ವಿಷಯ ಎರಡೂ ಕಡೆ ಸಿಕ್ಕಿಕೊಂಡಿದೆ, ಅರಣ್ಯ ಭೂಮಿಗೆ ಕೇಂದ್ರದ ಅನುಮತಿ ಬೇಕು. ಅಡಿಕೆ ಆಮದಿನ ಮಾತು ವಾಣಿಜ್ಯ ಸಚಿವಾಲಯದ್ದು.

ಈಗ ಪಾಸಿನ ವಿಷಯ. ಪ್ರೇಕ್ಷಕರ ಗ್ಯಾಲರಿಯ ಪಾಸ್ ಸಂಸದರ ಮೂಲಕವೇ ಸಿಗಬೇಕು. ಸೋಗಾನೆಯಿರುವ ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ಶಿವಮೊಗ್ಗ ನಗರ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ ಮತ್ತು ಉಡುಪಿ ಜಿಲ್ಲೆಯ ಬೈಂದೂರು, ಈ ಎಂಟೂ ಒಂದೇ ಲೋಕಸಭಾ ಕ್ಷೇತ್ರ. ಮೊದಲು ಆ ಸಂಸದರ ಕಚೇರಿಗೆ ಹೋಗಿ ಕೇಳಿ. ಅವರೇ ಆಗಬೇಕೆಂದಿಲ್ಲ, ರಾಜ್ಯಸಭೆಯ ಸದಸ್ಯರಿಂದ ಆ ಸದನದ ಪಾಸ್ ಪಡೆಯಬಹುದು. ಎರಡು ಸದನಕ್ಕೂ ಬೇರೆಬೇರೆ ಪಾಸ್. ಅರ್ಜಿಯಲ್ಲಿ ಸದಸ್ಯರು ನಿಮ್ಮನ್ನು ಬಲ್ಲೆನೆಂದು ಸಹಿ ಹಾಕಬೇಕು. 2023ರ ಡಿಸೆಂಬರ್ 13ರಂದು ಇಬ್ಬರು ಗ್ಯಾಲರಿಯಿಂದ ಲೋಕಸಭೆಯೊಳಕ್ಕೆ ಜಿಗಿದ ಮೇಲೆ ಈ ಸಹಿಯನ್ನು ಯಾರೂ ಹಗುರವಾಗಿ ಹಾಕುವುದಿಲ್ಲ. ಆದ್ದರಿಂದ ಹೋಗುವ ಹಿಂದಿನ ವಾರ ಫೋನ್ ಮಾಡಿದರೆ ಸಾಲದು. ಒಂದು ತಿಂಗಳು ಮುಂಚೆ, ಊರಲ್ಲೇ ಕಚೇರಿಗೆ ಖುದ್ದು ಹೋಗಿ, ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ ಕೊಟ್ಟು ಬನ್ನಿ. ಅರ್ಜಿಯಲ್ಲಿ ಬರೆದ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾಗದ ಹಾಗೆ ನೋಡಿಕೊಳ್ಳಿ. ಹತ್ತು ವರ್ಷದೊಳಗಿನ ಮಕ್ಕಳನ್ನು ಗ್ಯಾಲರಿಗೆ ಬಿಡುವುದಿಲ್ಲ.

ಪಾಸ್ ಸಾಮಾನ್ಯವಾಗಿ ಒಂದು ತಾಸಿನ ಅವಧಿಗೆ. ಯಾವ ತಾಸು ಬೇಕೆಂದು ನೀವೇ ಯೋಚಿಸಿ ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ಲೋಕಸಭೆಯ 11ರಿಂದ 12ರ ಪ್ರಶ್ನೋತ್ತರ ವೇಳೆಗೆ ಮೊದಲ ಸ್ಥಾನ. ಎರಡು ದಿನ ದಿಲ್ಲಿಯಲ್ಲಿ ಉಳಿಯುವಂತೆ ಯೋಜನೆ ಹಾಕಿಕೊಂಡರೆ, ಒಂದು ದಿನ ಸದನ ಮುಂದೂಡಿದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ.

ಹೋಗುವ ದಾರಿ ಸುಲಭ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನ ಸಂಚಾರ ಶುರುವಾಯಿತು. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ದಿಲ್ಲಿ ಸೇರಬಹುದು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಎರಡು ವಿಮಾನಗಳ ನಡುವೆ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. ಖರ್ಚು ಕಡಿಮೆ ಬೇಕೆನ್ನುವವರು ಬೆಳಗಿನ ಜನಶತಾಬ್ದಿಯಲ್ಲಿ ಬೆಂಗಳೂರಿಗೆ ಬಂದು, ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಎರಡು ರಾತ್ರಿಯ ಪ್ರಯಾಣ. ಡಿಸೆಂಬರ್‌ನಲ್ಲಿ ಹೋಗುವುದಾದರೆ ಮಂಜಿನಿಂದ ವಿಮಾನ, ರೈಲು ಎರಡೂ ತಡವಾಗುತ್ತವೆ. ಪಾಸಿನ ಹಿಂದಿನ ದಿನವೇ ದಿಲ್ಲಿ ಸೇರಿರಬೇಕು. ಇಳಿದುಕೊಳ್ಳಲು ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಲ್ಲಿ ಕೋಣೆ ಕೇಳಿ ನೋಡಬಹುದು, ಆದರೆ ಅಧಿವೇಶನದ ದಿನಗಳಲ್ಲಿ ಅಲ್ಲಿ ಸಿಗುವುದು ಕಷ್ಟ. ಸಂಸತ್ತಿಗೆ ಮೆಟ್ರೊದಲ್ಲಿ ಹೋಗುವವರು ಸೆಂಟ್ರಲ್ ಸೆಕ್ರೆಟೇರಿಯಟ್ ನಿಲ್ದಾಣದಲ್ಲಿ ಇಳಿಯಬೇಕು.

ಮೊಬೈಲ್, ಕ್ಯಾಮೆರಾ, ಬ್ಯಾಗು ಯಾವುದೂ ಒಳಗೆ ಹೋಗುವುದಿಲ್ಲ. ಇಳಿದುಕೊಂಡ ಕಡೆಯೇ ಬಿಟ್ಟು ಹೊರಡಿ. ಎಲೆಯಡಿಕೆ ಸಂಚಿಯೂ ಅಲ್ಲೇ ಇರಲಿ. ಜೊತೆಗಾರರ ಫೋನ್ ನಂಬರು, ವಾಪಸು ಹೋಗುವ ವಿಳಾಸ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗುರುತಿನ ಚೀಟಿಯ ಮೂಲಪ್ರತಿ ಬೇಕು. ತಪಾಸಣೆ ಒಂದೆರಡು ಕಡೆಗೇ ಮುಗಿಯುವುದಿಲ್ಲ, ಪಾಸಿನ ಹೊತ್ತಿಗೆ ಒಂದು ತಾಸು ಮುಂಚೆ ಬಾಗಿಲ ಹತ್ತಿರ ಇರಿ. ಗ್ಯಾಲರಿಯಲ್ಲಿ ಮಾತಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಓದುವಂತಿಲ್ಲ, ಬರೆದುಕೊಳ್ಳುವಂತಿಲ್ಲ. ನಮ್ಮ ಸಂಸದರು ಎದ್ದು ನಿಂತರೆ ಕೈಬೀಸುವ ಆಸೆಯನ್ನೂ ತಡೆದುಕೊಳ್ಳಿ.

ಓದುವಂತಿಲ್ಲವಾದ್ದರಿಂದ ಆ ದಿನದ ಕಾರ್ಯಕಲಾಪ ಪಟ್ಟಿಯನ್ನು ಹಿಂದಿನ ರಾತ್ರಿಯೇ ಓದಿ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಎರಡೂ ಸದನಗಳ ಪಟ್ಟಿ ಸಂಸತ್ತಿನ ಜಾಲತಾಣದಲ್ಲಿ ಇರುತ್ತದೆ. ಮದುವೆ ಮನೆಯಲ್ಲಿ ಪುರೋಹಿತರ ಕೈಯಲ್ಲಿರುವ ಪಟ್ಟಿಯಂತೆ, ಯಾವುದರ ನಂತರ ಯಾವುದು ಎಂದು ಅದು ಕಟ್ಟಿಕೊಡುತ್ತದೆ. ಅದಿಲ್ಲದೆ ಕೂತವರಿಗೆ ಕೆಳಗೆ ಯಾರು ಏತಕ್ಕೆ ಎದ್ದರು, ಏತಕ್ಕೆ ಕೂತರು ತಿಳಿಯುವುದಿಲ್ಲ.

ಪಟ್ಟಿಯ ಮೊದಲ ಸಾಲು ಪ್ರಶ್ನೆಗಳು. ಪ್ರಶ್ನೆಗಳದ್ದೇ ಬೇರೊಂದು ಪಟ್ಟಿಯಿರುತ್ತದೆ, ಅದನ್ನೂ ನೋಡಿ. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆ, ಚುಕ್ಕೆ ಇಲ್ಲದ 230 ಪ್ರಶ್ನೆ. ಚುಕ್ಕೆ ಇರುವುದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಕೇಳಿದವರು ಅದರ ಬೆನ್ನಿಗೇ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ಸರದಿ ಯಾರದು ಎಂಬುದು ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಒಂದು ತಾಸಿನಲ್ಲಿ ಐದಾರು ಪ್ರಶ್ನೆಗಳಷ್ಟೇ ಬಾಯಿಮಾತಿನ ಉತ್ತರ ಪಡೆಯುತ್ತವೆ, ಉಳಿದವುಗಳಿಗೆ ಲಿಖಿತ ಉತ್ತರ. ಹಾಗಾಗಿ ನಮ್ಮ ವಿಷಯ ಪಟ್ಟಿಯ ಮೊದಲ ಐದರಲ್ಲಿದೆಯೇ ಎಂದು ನೋಡಿ. ಹದಿನೈದನೆಯದಾಗಿದ್ದರೆ ಅದು ಸದನದಲ್ಲಿ ಕೇಳಿಬರುವ ಸಂಭವ ತೀರ ಕಡಿಮೆ. ಈ ಒಂದು ತಾಸನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಲಿಖಿತ ಉತ್ತರವನ್ನು ಅಧಿಕಾರಿಗಳು ಸಿದ್ಧಮಾಡುತ್ತಾರೆ. ಉಪಪ್ರಶ್ನೆ ಬಂದಾಗ ಸಚಿವರು ತಾವೇ ವಿಷಯ ತಿಳಿದಿರಬೇಕು. ತಿಳಿದವರು ಯಾರು, ಕಾಗದ ತಿರುವುವವರು ಯಾರು ಎಂಬುದು ಗ್ಯಾಲರಿಗೆ ಚೆನ್ನಾಗಿ ಕಾಣುತ್ತದೆ. ಪ್ರಜೆಯಾದವನಿಗೆ ಇದಕ್ಕಿಂತ ಬೆಲೆಬಾಳುವ ನೋಟ ಆ ಕಟ್ಟಡದಲ್ಲಿ ಬೇರೊಂದಿಲ್ಲ.

12 ಗಂಟೆಗೆ ಕಾಗದಪತ್ರಗಳ ಮಂಡನೆ. ವರದಿಗಳು, ಅಧಿಸೂಚನೆಗಳು ಒಂದರ ಹಿಂದೆ ಒಂದು ಸದನದ ಮುಂದೆ ಬೀಳುತ್ತವೆ, ಕೆಲವೇ ನಿಮಿಷ. ಆಮೇಲೆ ಶೂನ್ಯ ವೇಳೆ. ನಿಯಮದ ಪುಸ್ತಕದಲ್ಲಿ ಈ ಹೆಸರಿಲ್ಲ, ಆದರೂ ಊರೂರಿನ ಅಹವಾಲು ಕೇಳಿಬರುವುದು ಇಲ್ಲಿ. ಸೇತುವೆ, ರೈಲು, ಬೆಳೆರೋಗ, ಎಲ್ಲವೂ ಒಂದೆರಡು ನಿಮಿಷದ ಮಾತಿನಲ್ಲಿ. ರಾಜ್ಯಸಭೆಯಲ್ಲಿ ಕ್ರಮ ತಿರುಗುಮುರುಗು: ಅಲ್ಲಿ 11ಕ್ಕೆ ಶೂನ್ಯ ವೇಳೆ, 12ಕ್ಕೆ ಪ್ರಶ್ನೋತ್ತರ. ಪಟ್ಟಿಯಲ್ಲಿ 377ನೇ ನಿಯಮ ಎಂದು ಕಂಡರೆ ಅದೂ ಕ್ಷೇತ್ರದ ಅಹವಾಲೇ. ಎಷ್ಟೋ ದಿನ ಅದನ್ನು ಓದದೆ ಬರಹದಲ್ಲಿ ಮಂಡಿಸಿಬಿಡುತ್ತಾರೆ.

ಊಟದ ನಂತರ, 2 ಗಂಟೆಯಿಂದ, ಮಸೂದೆಗಳು. ಈ ಹೊತ್ತಿಗೆ ಆಸನಗಳು ಖಾಲಿಯಾಗಿರುವುದನ್ನು ನೋಡಿ ಹಲವರು ಬೇಸರಪಡುತ್ತಾರೆ. ಬೇಸರ ಸಹಜ, ಆದರೆ ಕಾನೂನು ಹುಟ್ಟುವುದು ಈ ಹೊತ್ತಿನಲ್ಲೇ. ಲೋಕಸಭೆಗೆ ಕೋರಂ ಹತ್ತರಲ್ಲಿ ಒಂದು ಪಾಲು, ಅಂದರೆ 55 ಜನ. ಪೀಠದಲ್ಲಿ ಸ್ಪೀಕರ್ ಬದಲು ಬೇರೆ ಸದಸ್ಯರು ಕೂತಿರುವುದೂ ವಾಡಿಕೆ. ಕೊನೆಗೆ ಧ್ವನಿಮತ, ಯಾರಾದರೂ ಪಟ್ಟುಹಿಡಿದು ಮತ ಎಣಿಕೆ ಕೇಳಿದರೆ ಗಂಟೆ ಬಾರಿಸಿ, ಬಾಗಿಲು ಮುಚ್ಚಿ, ಮತ ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಕಣ್ಣೆದುರು ನಡೆದರೆ ಅದೃಷ್ಟ. ಶುಕ್ರವಾರ ಮಧ್ಯಾಹ್ನದ ಮೇಲೆ ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳ ಸರದಿ. ಅಂಥ ಮಸೂದೆ ಕಾನೂನಾದದ್ದು 1970ರಲ್ಲಿ ಕಡೆಯ ಸಲ. ಆದರೂ ಪಕ್ಷದ ಆಜ್ಞೆಯಿಲ್ಲದೆ ಸದಸ್ಯರು ತಮ್ಮ ಸ್ವಂತ ವಿಚಾರ ಹೇಳುವುದನ್ನು ಕೇಳಬೇಕಾದರೆ ಆ ಹೊತ್ತು ಒಳ್ಳೆಯದು.

ಹಿಂದಿ, ಇಂಗ್ಲಿಷ್ ಚೆನ್ನಾಗಿ ಬಾರದವರು ಹೆದರಬೇಕಿಲ್ಲ. ಶಿವಮೊಗ್ಗದವರಿಗಂತೂ ಆ ಸದನದಲ್ಲಿ ಭಾಷೆಯ ಒಂದು ಹಕ್ಕಿದೆ. 1967ರಲ್ಲಿ ಈ ಕ್ಷೇತ್ರದಿಂದ ಆರಿಸಿಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ಆಗ ಸ್ಪೀಕರ್ ಆಗಿದ್ದವರು ನೀಲಂ ಸಂಜೀವ ರೆಡ್ಡಿ. ಇಂದು ಸದಸ್ಯರಿಗೆ ಕನ್ನಡದ ತತ್‌ಕ್ಷಣದ ಅನುವಾದದ ಸೌಲಭ್ಯವಿದೆ. ಪಟೇಲರಿಗೆ ಮುಂಚೆ ಇದೇ ಕ್ಷೇತ್ರದ ಸದಸ್ಯರಾಗಿದ್ದ ಎಸ್.ವಿ. ಕೃಷ್ಣಮೂರ್ತಿ ರಾವ್ ರಾಜ್ಯಸಭೆಯ ಮೊದಲ ಉಪಸಭಾಪತಿ, ಅನಂತರ ಲೋಕಸಭೆಯ ಉಪಾಧ್ಯಕ್ಷ. ಸಂವಿಧಾನ ಸಭೆಯಲ್ಲೂ ಮೈಸೂರಿನಿಂದ ಕೂತವರು. ಅವರೆಲ್ಲ ಕೆಲಸ ಮಾಡಿದ್ದು 1927ರ ದುಂಡನೆಯ ಹಳೆಯ ಭವನದಲ್ಲಿ. ಅದಕ್ಕೀಗ ಸಂವಿಧಾನ ಸದನವೆಂಬ ಹೆಸರು. ನೀವು ಕೂರುವುದು ಪಕ್ಕದ ತ್ರಿಕೋನಾಕಾರದ ಹೊಸ ಕಟ್ಟಡದಲ್ಲಿ. 2023ರ ಸೆಪ್ಟೆಂಬರ್ 19ರಿಂದ ಸದನ ಸೇರುತ್ತಿರುವುದು ಅಲ್ಲಿ. ಲೋಕಸಭೆಗೆ ನವಿಲಿನ, ರಾಜ್ಯಸಭೆಗೆ ಕಮಲದ ಅಲಂಕಾರ. ಹೊರಬಂದ ಮೇಲೆ ಹಳೆಯ ಭವನವನ್ನು ಹೊರಗಿನಿಂದಾದರೂ ಒಮ್ಮೆ ಕಣ್ತುಂಬ ನೋಡಿ.

ದಿಲ್ಲಿಗೆ ಹೋಗಲಾಗದವರು ಅದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಸಂಸದ್ ಟಿವಿ ನೋಡಬಹುದು. ಲಿಖಿತ ಉತ್ತರಗಳೆಲ್ಲ ಜಾಲತಾಣದಲ್ಲಿ ಸಿಗುತ್ತವೆ. ವಿಐಎಸ್‌ಎಲ್ ಬಗ್ಗೆ ಸರಕಾರ ಯಾವ ವರ್ಷ ಏನು ಹೇಳಿತು ಎಂದು ಭದ್ರಾವತಿಯಲ್ಲಿ ಕೂತೇ ಹುಡುಕಿ ಓದಬಹುದು.

ಕೊನೆಗೊಂದು ಮಾತು. ಸದನದಲ್ಲಿ ಪ್ರಶ್ನೆ ಬರಬೇಕಾದರೆ ಸದಸ್ಯರು ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ಪಾಸ್ ಕೇಳಲು ಒಂದು ತಿಂಗಳು ಮುಂಚೆ ಸಂಸದರ ಕಚೇರಿಗೆ ಹೇಗೂ ಹೋಗುತ್ತೀರಿ. ಆ ದಿನ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಊರಿನ ಒಂದು ಪ್ರಶ್ನೆಯನ್ನು, ಯಾವ ಸಚಿವಾಲಯಕ್ಕೆ ಎಂಬುದರ ಸಮೇತ, ಅರ್ಧ ಪುಟದಲ್ಲಿ ಬರೆದು ಕೊಟ್ಟು ಬನ್ನಿ.