ಬ್ಯಾಟರಿಗೆ ಫ್ಯೂಸಿನ ಕಾವಲು

ತೋಟದ ಮನೆಯಲ್ಲಿ ಸೌರಫಲಕವನ್ನು ನಿಲ್ಲಿಸಿ, ಅದರಿಂದ ಬ್ಯಾಟರಿಯನ್ನು ತುಂಬಿಸಿಕೊಂಡು, ದೀಪಕ್ಕೂ ಸಣ್ಣ ಪಂಪಿಗೂ ತಾವೇ ತಂತಿ ಎಳೆದುಕೊಳ್ಳುವ ರೈತರು ಈಗ ಹಲವರಿದ್ದಾರೆ. ಸ್ವಂತ ಕೈಯಿಂದ ಕೆಲಸ ಮಾಡಿಕೊಳ್ಳುವುದು ಮೆಚ್ಚತಕ್ಕುದೇ ಸರಿ. ಆದರೆ “12 ವೋಲ್ಟು ಮುಟ್ಟಿದರೂ ಹೊಡೆಯುವುದಿಲ್ಲ, ಇದಕ್ಕೆ ಫ್ಯೂಸೇತಕ್ಕೆ?” ಎಂದು ಕೇಳುವವರುಂಟು. ಇದಕ್ಕೆ ಉತ್ತರ ಹೇಳುವುದೇ ಈ ಪಾಠದ ಉದ್ದೇಶ.

ಅಪಾಯವೆಲ್ಲಿದೆ?— 12 ವೋಲ್ಟು ಒಣಗಿದ ಕೈಗೆ ಸಾಮಾನ್ಯವಾಗಿ ಏನೂ ಮಾಡದೆಂಬುದು ನಿಜ. ಇಲ್ಲಿ ಅಪಾಯವಿರುವುದು ಹೊಡೆತದಲ್ಲಲ್ಲ, ಶಾಖದಲ್ಲಿ. ವೋಲ್ಟನ್ನು ತಡೆಯಿಂದ ಭಾಗಿಸಿದರೆ ಪ್ರವಾಹವು ತಿಳಿಯುವುದು. ಬ್ಯಾಟರಿಯೊಳಗಿನ ತಡೆಯು ಒಂದು ಓಮಿನ ನೂರನೆಯ ಒಂದು ಪಾಲಿದ್ದರೆ, ಅದರ ಧ್ರುವಗಳು ದಪ್ಪನೆಯ ಲೋಹದಿಂದ ನೇರವಾಗಿ ಕೂಡಿದಾಗ ಸುಮಾರು 1,200 ಆಂಪೇರ್ ಹರಿಯಬಲ್ಲದು. ಲಿಥಿಯಂ ಬ್ಯಾಟರಿಗಳಲ್ಲಿ ತಡೆಯು ಸಾಮಾನ್ಯವಾಗಿ ಇನ್ನೂ ಕಡಮೆ. ಪ್ರವಾಹವು ಇಮ್ಮಡಿಸಿದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ. ಇಲಿ ಹೊದಿಕೆಯನ್ನು ಕಡಿದು ಎರಡು ತಂತಿಗಳು ಒಂದಕ್ಕೊಂದು ತಗುಲಿದರೆ ಸಾಕು, ಅವು ಕೆಂಪಗೆ ಕಾದು ಪಕ್ಕದ ಹುಲ್ಲಿಗೂ ಗೋಣಿಚೀಲಕ್ಕೂ ಬೆಂಕಿ ಹತ್ತಿಸುವುವು.

ಫ್ಯೂಸು ಕಾಯುವುದೇನನ್ನು?— ಅದು ದೀಪವನ್ನೋ ಪಂಪನ್ನೋ ಕಾಯುವುದೆಂದು ಹಲವರ ಭಾವನೆ. ಮುಖ್ಯವಾಗಿ ಅದು ಕಾಯುವುದು ತಂತಿಯನ್ನು. ಆದುದರಿಂದ ಫ್ಯೂಸಿನ ಅಳತೆಯು ಉಪಯೋಗಿಸುವ ಪ್ರವಾಹಕ್ಕಿಂತ ಹೆಚ್ಚಾಗಿಯೂ ತಂತಿ ತಾಳುವ ಪ್ರವಾಹಕ್ಕಿಂತ ಕಡಮೆಯಾಗಿಯೂ ಇರತಕ್ಕದ್ದು. ಉದಾಹರಣೆಗೆ, 12 ವೋಲ್ಟಿನಲ್ಲಿ 60 ವಾಟಿನ ದೀಪಗಳಿಗೆ ಬೇಕಾದುದು 5 ಆಂಪೇರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯು 10 ಆಂಪೇರನ್ನು ಸುಖವಾಗಿ ತಾಳುವುದು. ಹೀಗಿರುವಲ್ಲಿ 7.5 ಆಂಪೇರಿನ ಫ್ಯೂಸು ತಕ್ಕುದು.

ಎಲ್ಲಿ ಇಡಬೇಕು?— ಧನಧ್ರುವದಿಂದ ಒಂದು ಗೇಣಿನೊಳಗೆ. ಏತಕ್ಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಗೆ ಯಾವ ಕಾವಲೂ ಇರುವುದಿಲ್ಲ.

ಎಂಥ ಫ್ಯೂಸು?— ಮನೆಯ ವಿದ್ಯುತ್ತು ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 100 ಸಲ ಶೂನ್ಯಕ್ಕಿಳಿಯುವುದರಿಂದ ಫ್ಯೂಸು ಕರಗಿದಾಗ ಏಳುವ ಕಿಡಿಯು ಬೇಗನೆ ಆರುತ್ತದೆ. ಬ್ಯಾಟರಿಯ ನೇರ ಪ್ರವಾಹ ಹಾಗೆ ಇಳಿಯದು. ಕಿಡಿ ಉರಿಯುತ್ತಲೇ ಇರಬಹುದು. ಆದಕಾರಣ ‘ಡಿ.ಸಿ.’ ಎಂದು ಗುರುತಿರುವ, ಬ್ಯಾಟರಿಯ ವೋಲ್ಟಿಗೆ ಕಡಮೆಯಿಲ್ಲದ ಫ್ಯೂಸನ್ನೇ ಕೊಳ್ಳಬೇಕು. ದೊಡ್ಡ ಲಿಥಿಯಂ ಬ್ಯಾಟರಿಗೆ ಸಾವಿರಾರು ಆಂಪೇರನ್ನು ಕಡಿಯಬಲ್ಲ ‘ಟಿ’ ವರ್ಗದ ಫ್ಯೂಸು ಉತ್ತಮ.

ನೆನಪಿಡತಕ್ಕ ನಿಯಮಗಳು:

1. ಸುಟ್ಟ ಫ್ಯೂಸಿಗೆ ಬದಲಾಗಿ ತಾಮ್ರದ ಎಳೆಯನ್ನು ಸುತ್ತಕೂಡದು. ಮೊದಲು ಅದು ಸುಟ್ಟ ಕಾರಣವನ್ನು ಹುಡುಕಿ, ಬಳಿಕ ಅದೇ ಅಳತೆಯ ಹೊಸದನ್ನು ಹಾಕಬೇಕು.

2. ಸಮಾಂತರವಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಫ್ಯೂಸು ಇರಲಿ.

3. ಕೆಲಸಕ್ಕೆ ಮುಂಚೆ ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಬೇಕು. ಜೋಡಣೆಯೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಫ್ಯೂಸನ್ನು ಹಾಕಬೇಕು.

4. ಸೀಸದ ಬ್ಯಾಟರಿ ತುಂಬುವಾಗ ಜಲಜನಕ ಹೊರಡುವುದು. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಕಿಡಿಗೆ ಹೊತ್ತಿಕೊಳ್ಳುವುದು. ಕೋಣೆಗೆ ಗಾಳಿಯಾಡುವಂತಿರಲಿ, ಅಲ್ಲಿ ಬೀಡಿ ಸೇದಬಾರದು.

ಓದುಗರು ಈ ದಿನವೇ ತಮ್ಮ ಬ್ಯಾಟರಿಯ ಧನಧ್ರುವದಿಂದ ತಂತಿಯ ಜಾಡು ಹಿಡಿದು ನೋಡಲಿ. ಒಂದು ಗೇಣಿನೊಳಗೆ ಫ್ಯೂಸು ಕಾಣದಿದ್ದರೆ, ಅದನ್ನು ಹಾಕಿಸುವವರೆಗೆ ಆ ತಂತಿಯನ್ನು ಬಿಚ್ಚಿಡುವುದು ಕ್ಷೇಮ.